ಅಪ್ಪನನ್ನು ಕೂರಿಸಿದ್ದು

ಏಪ್ರಿಲ್ ೬, ಭಾನುವಾರ

ಅಪ್ಪ ಇವತ್ತು ಕುರ್ಚಿಯ ಪಕ್ಕದಲ್ಲಿ ಕೂತ. ಕುರ್ಚಿ ಅಲ್ಲೇ ಇತ್ತು, ಅಪ್ಪನೂ ಅಲ್ಲೇ ಇದ್ದ, ಇಬ್ಬರಿಗೂ ಭೇಟಿಯಾಗಲಿಲ್ಲ ಅಷ್ಟೆ. ಹಿಂದೆ ಕೈಯಿಟ್ಟು ನೋಡದೆ ಗಾಳಿಯ ಮೇಲೆ ಕೂತುಬಿಟ್ಟ. ಧೊಪ್ಪೆಂದು ಸದ್ದಾದಾಗ ನಾನು ಹೊಲಿಗೆ ಯಂತ್ರ ಬಿಟ್ಟು ಓಡಿದೆ. ನೆಲದ ಮೇಲೆ ಕಾಲು ಚಾಚಿಕೊಂಡು ನನ್ನನ್ನೇ ನೋಡುತ್ತಿದ್ದ, ನಾನೇ ಕುರ್ಚಿ ಎಳೆದೆನೇನೋ ಎಂಬಂತೆ.

ಮೂಳೆ ಮುರಿದಿಲ್ಲ. ಸೊಂಟದ ಹತ್ತಿರ ಅಂಗೈಯಗಲ ಕಪ್ಪುಗಟ್ಟಿದೆ. ಎಕ್ಸ್‌ರೇ ನೋಡಿದ ಡಾಕ್ಟರು, ಈ ಸಲ ಬಚಾವಾದಿರಿ, ಇನ್ನೊಂದು ಸಲ ಹೀಗೆ ಬಿದ್ದರೆ ಆಮೇಲೆ ಹಾಸಿಗೆಯೇ ಗತಿ ಎಂದರು. ನಮ್ಮ ಕುರ್ಚಿ ಕಂದು, ನೆಲವೂ ಕಂದು. ಮರೆವಿನ ಕಾಯಿಲೆಯವರಿಗೆ ಎರಡೂ ಒಂದೇ ಆಗಿ ಕಾಣುತ್ತವಂತೆ. ನೆಲಕ್ಕಿಂತ ಬೇರೆ ಬಣ್ಣದ್ದು, ಎರಡೂ ಕಡೆ ಕೈಯಿರುವುದು, ಭಾರವಾದದ್ದು, ತೀರಾ ತಗ್ಗಲ್ಲದ್ದು ನೋಡಿ ತನ್ನಿ ಎಂದು ಹೇಳಿ ಕಳಿಸಿದರು. ಇಷ್ಟು ವರ್ಷ ಕುರ್ಚಿಯ ಬಗ್ಗೆ ಯಾರಾದರೂ ಇಷ್ಟೊಂದು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. ಅವನ ಮನೆ ಊರಿನ ಆ ತುದಿಯಲ್ಲಿದೆ. ಬರುವುದು ಅಪರೂಪ, ಸಲಹೆ ಧಾರಾಳ. ಬೆಲ್ಟ್ ಇರುವ ಕುರ್ಚಿಗಳು ಸಿಗುತ್ತವೆ, ಕೂರಿಸಿ ಬಿಗಿದುಬಿಟ್ಟರೆ ಚಿಂತೆಯಿಲ್ಲ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

"ಅಪ್ಪನ್ನ ಕಟ್ಟಿಹಾಕು ಅಂತೀಯಾ? ಇನ್ನೊಂದ್ಸಲ ಆ ಮಾತು ಎತ್ತಬೇಡ" ಎಂದು ಫೋನ್ ಇಟ್ಟೆ. ಅದರ ಮಧ್ಯೆಯೇ ಅಪ್ಪ ಎದ್ದು ಅಡುಗೆಮನೆಯ ಕಡೆ ಹೊರಟಿದ್ದ, ಮತ್ತೆ ಓಡಿದೆ.

ಏಪ್ರಿಲ್ ೯, ಬುಧವಾರ

ಅಪ್ಪನನ್ನು ಪಕ್ಕದ ಮನೆಯ ರೇಡಿಯೋ ಆಂಟಿಯ ಕೈಗೆ ಒಪ್ಪಿಸಿ ಕುರ್ಚಿ ಅಂಗಡಿಗೆ ಹೋಗಿದ್ದೆ. ಆಕೆಗೆ ಆ ಹೆಸರಿಟ್ಟವಳು ನಾನೇ. ಬೀದಿಯ ಸುದ್ದಿಯೆಲ್ಲ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಆಕೆಯ ಬಾಯಿಂದ ಪ್ರಸಾರವಾಗುತ್ತದೆ. ಆದರೂ ಕರೆದರೆ ಬರುವವಳು ಆಕೆಯೊಬ್ಬಳೇ.

ಅಂಗಡಿಯಲ್ಲಿ ಕೂತು ಎದ್ದು ಕೂತು ಎದ್ದು ಸಾಕಾಯಿತು. ಅಪ್ಪನ ಹಾಗೆ ಕೂರಬೇಕೆಂದು ಕಣ್ಣು ಮುಚ್ಚಿ, ಹಿಂದೆ ನೋಡದೆ ಮೈ ಬಿಡುತ್ತಿದ್ದೆ. ಪ್ಲಾಸ್ಟಿಕ್ಕಿನದು ಒಂದು ಕಡೆ ಭಾರ ಬಿದ್ದರೆ ಮಗುಚುತ್ತದೆ. ಸೋಫಾದಲ್ಲಿ ಕೂತರೆ ಹೂತೇಹೋಗುತ್ತೇವೆ, ಎಬ್ಬಿಸಲು ಇನ್ನೊಬ್ಬರು ಬೇಕು. ತಿರುಗುವ ಕುರ್ಚಿಯನ್ನು ನೋಡಿಯೇ ಕೈಮುಗಿದೆ. ಅಂಗಡಿಯವನು ಮೊದಲು ನಗುತ್ತಿದ್ದ, ಆಮೇಲೆ ಯಾರಿಗೆ ಎಂದು ಕೇಳಿದ. ಹೇಳಿದೆ. ನಗುವುದನ್ನು ನಿಲ್ಲಿಸಿ ಒಳಗಿನಿಂದ ಒಂದನ್ನು ಹೊರಿಸಿಕೊಂಡು ಬಂದ.

ಕಡು ನೀಲಿ ಬಣ್ಣ. ಗಟ್ಟಿ ಮರ, ಅಗಲವಾದ ಕೈಗಳು, ಎತ್ತರದ ಬೆನ್ನು, ತಲೆ ಆನಿಸಲು ಮೆತ್ತೆ. ಕೂತರೆ ಪಾದಗಳು ನೆಲಕ್ಕೆ ನೆಟ್ಟಗೆ ಊರುತ್ತವೆ. ತಳ್ಳಿ ನೋಡಿದೆ, ಅಲುಗಲಿಲ್ಲ. ಕುರ್ಚಿ ನೋಡಿ ಯಾರಾದರೂ ಇಷ್ಟು ಖುಷಿಪಡುತ್ತಾರೆಯೇ? ನಾನು ಪಟ್ಟೆ.

ಏಪ್ರಿಲ್ ೧೦, ಗುರುವಾರ

ಕುರ್ಚಿ ಬಂತು. ಅಪ್ಪ ಅದನ್ನು ಸುತ್ತಿ ಸುತ್ತಿ ನೋಡಿದ. ತಲೆಯಾನಿಸುವ ಮೆತ್ತೆಯನ್ನು ಎರಡು ಸಲ ತಟ್ಟಿದ. ಹೆಗಲ ಮೇಲಿನ ಟವೆಲ್ಲಿನಿಂದ ಸೀಟನ್ನು ಫಟ್ ಫಟ್ ಎಂದು ಕೊಡವಿದ. ಆಮೇಲೆ ಕುರ್ಚಿಯ ಹಿಂದೆ ಹೋಗಿ ನೆಟ್ಟಗೆ ನಿಂತು ನನಗೆ, "ಬನ್ನಿ, ಕೂತ್ಕೊಳ್ಳಿ" ಎಂದ.

ನನಗೆ ಹೊಳೆಯಬೇಕಿತ್ತು. ಅಪ್ಪ ಮೂಲೆಯ ಒಂದೇ ಕೋಣೆಯ ಅಂಗಡಿಯಲ್ಲಿ ಜೀವಮಾನವಿಡೀ ಕ್ಷೌರ ಮಾಡಿದವನು. ಅಲ್ಲಿದ್ದದ್ದು ಒಂದೇ ಕುರ್ಚಿ, ಥೇಟ್ ಹೀಗೇ ಎತ್ತರದ ಬೆನ್ನಿನದು. ಅದರಲ್ಲಿ ಅವನು ಒಂದು ದಿನವೂ ಕೂತಿಲ್ಲ. ಅದು ಗಿರಾಕಿಯದು. ಯಾರೂ ಇಲ್ಲದಾಗ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುತ್ತಿದ್ದ, ತನ್ನ ಗಡ್ಡವನ್ನು ನಿಂತುಕೊಂಡೇ ಬೋಳಿಸಿಕೊಳ್ಳುತ್ತಿದ್ದ. ಊರೆಲ್ಲ ಹುಡುಕಿ ನಾನು ತಂದದ್ದು ಅಪ್ಪ ಯಾವತ್ತೂ ಕೂರದ ಒಂದೇ ಒಂದು ಕುರ್ಚಿಯನ್ನು!

ರೇಡಿಯೋ ಆಂಟಿ ಬಂದು ಕೂತಳು. ಅಪ್ಪ ಬೆರಳಿನಲ್ಲೇ ಆಕೆಯ ಕೂದಲು ಬಾಚಿ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಎಷ್ಟು ಚಿಕ್ಕದು ಮಾಡಲಿ ಎಂದು ಗಂಭೀರವಾಗಿ ಕೇಳಿದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪನೂ ನಕ್ಕ. ಅವನು ನಕ್ಕು ಬಹಳ ದಿನವಾಗಿತ್ತು.

ಏಪ್ರಿಲ್ ೧೪, ಸೋಮವಾರ

ನಗು ಮುಗಿಯಿತು. ಬೆಳಿಗ್ಗೆಯಿಂದ ಕುರ್ಚಿಯ ಹಿಂದೆ ನಿಂತೇ ಇರುತ್ತಾನೆ. ಬಾಗಿಲ ಕಡೆ ನೋಡುತ್ತಾನೆ. ಯಾರೂ ಬರುವುದಿಲ್ಲ. ಮೊಣಕಾಲು ನಡುಗಲು ಶುರುವಾದರೂ ಜಪ್ಪಯ್ಯ ಅಂದರೂ ಕೂರುವುದಿಲ್ಲ. ಕೂರಿಸಿದರೆ ತಕ್ಷಣ ತಪ್ಪು ಮಾಡಿದವನ ಹಾಗೆ ಎದ್ದುಬಿಡುತ್ತಾನೆ.

ನಾನು ಹೊಲಿಯುವುದು ಶಾಲೆಯ ಮಕ್ಕಳ ಸಮವಸ್ತ್ರ. ಶಾಲೆ ಶುರುವಾಗುವ ಹೊತ್ತಿಗೆ ಬಿಳಿ ಅಂಗಿಗಳೆಲ್ಲ ತಯಾರಿರಬೇಕು. ಒಂದು ಕಾಲರ್ ಹೊಲಿಯುವಷ್ಟರಲ್ಲಿ ನಾಲ್ಕು ಸಲ ಎದ್ದು ಅಪ್ಪನ ಹತ್ತಿರ ಓಡುತ್ತೇನೆ. ನನ್ನ ಕತ್ತರಿಗಳನ್ನೆಲ್ಲ ಕಪಾಟಿನ ಮೇಲಕ್ಕೆ ಏರಿಸಿದ್ದೇನೆ, ಕಂಡರೆ ಕೈ ಹಾಕುತ್ತಾನೆ.

ಬೆಂಚು ಅಭ್ಯಾಸವಲ್ಲವೇ ಎಂದು ಹಳೆಯದೊಂದನ್ನು ತರಿಸಿ ಗೋಡೆಗೆ ಒತ್ತಿ ಹಾಕಿದೆ.

ಏಪ್ರಿಲ್ ೧೬, ಬುಧವಾರ

ಬೆಂಚಿನ ಮೇಲೆ ಕೂತೇ ನಿದ್ದೆಹೋಗಿ ಪಕ್ಕಕ್ಕೆ ಉರುಳಿದ. ಹುಬ್ಬು ಸೀಳಿತು, ಹೊಲಿಗೆ ಹಾಕಿದರು. ರಕ್ತ ಕಣ್ಣೊಳಗೆ ಇಳಿಯುತ್ತಿದ್ದರೂ ಅಳಲಿಲ್ಲ. ಅತ್ತವಳು ನಾನು.

ಏಪ್ರಿಲ್ ೨೦, ಭಾನುವಾರ

ಅಣ್ಣ ಬಂದಿದ್ದ, ಬೆಲ್ಟ್ ಹಿಡಿದುಕೊಂಡೇ ಬಂದಿದ್ದ. ಅಪ್ಪನ ಹುಬ್ಬು ನೋಡಿ ಅವನಿಗೂ ಕಣ್ಣು ತುಂಬಿತು, ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಆದರೂ ಬೆಲ್ಟನ್ನು ನೀಲಿ ಕುರ್ಚಿಗೆ ಹಾಕಿ ಅಪ್ಪನನ್ನು ಕೂರಿಸಿ ಬಿಗಿದ. ಅಪ್ಪ ಕೆಳಗೆ ನೋಡಿದ. ಬೆರಳಿನಿಂದ ಕೀಳಲು ನೋಡಿದ. ಆಮೇಲೆ ಕೂಗಿದ. ಮಾತಲ್ಲ, ಬರೀ ಕೂಗು. ನಾನು ಕಪಾಟಿನ ಮೇಲಿನ ದೊಡ್ಡ ಕತ್ತರಿ ತೆಗೆದು ಬೆಲ್ಟನ್ನು ಅಲ್ಲೇ ಕತ್ತರಿಸಿ ಹಾಕಿದೆ.

ಅಣ್ಣನ ಮುಖ ಕೆಂಪಾಯಿತು. ವೃದ್ಧಾಶ್ರಮದಲ್ಲಿ ಅಪ್ಪನ ಹೆಸರು ಬರೆಸಿ ಬಂದಿದ್ದೇನೆ, ಇನ್ನೊಂದು ಸಲ ಬಿದ್ದರೆ ನಿನ್ನನ್ನು ಕೇಳುವುದಿಲ್ಲ, ಕರೆದುಕೊಂಡು ಹೋಗುವುದೇ ಎಂದ. ಅವನು ಹೇಳಿದ್ದನ್ನು ಮಾಡುವವನು.

"ನನ್ನ ಉಸಿರಿರೋವರೆಗೂ ಅಪ್ಪ ಈ ಮನೇಲೇ ಇರ್ತಾನೆ. ಓಡಾಡಿಕೊಂಡೇ ಇರ್ತಾನೆ" ಎಂದೆ.

ಹೇಳುವುದೇನೋ ಹೇಳಿಬಿಟ್ಟೆ. ಆಶ್ರಮದಲ್ಲಿ ಸಾಲಾಗಿ ಕೂರಿಸಿದವರನ್ನು ನಾನು ನೋಡಿದ್ದೇನೆ. ತಲೆ ಎದೆಯ ಮೇಲೆ ಬಿದ್ದಿರುತ್ತದೆ. ಅಪ್ಪನನ್ನು ಅಲ್ಲಿಗೆ ಕಳಿಸುವುದಕ್ಕಿಂತ ನಾನೇ ಎಲ್ಲಾದರೂ ಹೋಗಿ ಬೀಳುವುದು ವಾಸಿ. ಅವನ ಹಿಂದೆ ಓಡಿ ಓಡಿ ಸೋತುಹೋಗಿದ್ದೇನೆ.

ಏಪ್ರಿಲ್ ೨೭, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಹುಬ್ಬಿನ ಹೊಲಿಗೆಗೆ ಕೂದಲು ತಾಕುತ್ತದೆಂದು ಮುಂದಲೆ ಸ್ವಲ್ಪ ಕತ್ತರಿಸಲು ಹೊರಟೆ. ಮೈಮೇಲೆ ಕೂದಲು ಬೀಳಬಾರದೆಂದು ಅಂಗಿಯ ಬಿಳಿ ಬಟ್ಟೆಯ ಒಂದು ತುಂಡನ್ನು ಕುತ್ತಿಗೆಗೆ ಸುತ್ತಿದೆ. ನೀಲಿ ಕುರ್ಚಿಯ ಮುಂದೆ ನಿಂತಿದ್ದ ಅಪ್ಪ, ಬಟ್ಟೆ ಕುತ್ತಿಗೆಗೆ ಬಿದ್ದ ಕೂಡಲೇ ಹಿಂದಕ್ಕೆ ಕೈ ಚಾಚಿ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕೂತ. ಬೆನ್ನು ಆನಿಸಿದ. ಕೈಗಳನ್ನು ಬಟ್ಟೆಯೊಳಗೆ ಇಟ್ಟುಕೊಂಡ. ಗದ್ದ ಎತ್ತಿದ. ಅಪ್ಪ ಗಿರಾಕಿಯಾಗಿಬಿಟ್ಟ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು, ಹೊಲಿಯಲು ಬಟ್ಟೆಯ ಥಾನುಗಳನ್ನು ತಂದವರು. ಅಪ್ಪನನ್ನು ಮರೆತೇ ಹೋದೆ. ಎಣಿಸಿ ಇಳಿಸಿಕೊಂಡು ಗಾಬರಿಯಿಂದ ಒಳಗೆ ಓಡಿ ಬಂದರೆ, ಹೇಗಿದ್ದನೋ ಹಾಗೇ ಕೂತಿದ್ದಾನೆ! ಒಂದಿಷ್ಟೂ ಅಲ್ಲಾಡಿಲ್ಲ. ಬಟ್ಟೆ ಹಾಕಿದ ಮೇಲೆ ಅಲ್ಲಾಡಬಾರದು ಎಂದು ಗಿರಾಕಿಗಳನ್ನು, ಅದರಲ್ಲೂ ಮಕ್ಕಳನ್ನು, ದಿನಾ ಗದರಿಸಿದವನು. ಎಲ್ಲ ಮರೆತಿದ್ದಾನೆ, ನನ್ನ ಹೆಸರೂ ಮರೆತಿದ್ದಾನೆ, ಇದು ಮರೆತಿಲ್ಲ.

ನಾನು ಯಂತ್ರದ ಮುಂದೆ ಕೂತು ಒಂದು ಅಂಗಿಯನ್ನು ಶುರುವಿನಿಂದ ಕೊನೆಯವರೆಗೆ ಎದ್ದೇಳದೆ ಹೊಲಿದೆ. ಸಂತೋಷಕ್ಕೆ ಅಳು ಬಂತು. ಬೆಲ್ಟಿಲ್ಲ, ಹಗ್ಗವಿಲ್ಲ. ಅಪ್ಪನೇ ಕೂತಿದ್ದಾನೆ, ಅವನ ಪಾಡಿಗೆ ಅವನು.

ಮೇ ೪, ಭಾನುವಾರ

ಅಪ್ಪನ ಕುತ್ತಿಗೆಗೆ ಸುತ್ತಲು ಎರಡು ಬಟ್ಟೆ ಹೊಲಿದೆ, ಒಂದು ಒಗೆಯಲು ಹಾಕಿದಾಗ ಇನ್ನೊಂದು. ಕುತ್ತಿಗೆಯ ಹಿಂದೆ ಗುಂಡಿ. ಅಂಚು ಮಡಿಸಿ ಚೆನ್ನಾಗಿಯೇ ಹೊಲಿದಿದ್ದೇನೆ.

ಒಂದೇ ಒಂದು ತಪ್ಪು ಮಾಡಿದೆ. ಬಟ್ಟೆ ಹೇಗೂ ಹಾಕಿದೆಯಲ್ಲ ಎಂದು ನಿನ್ನೆ ನಿಜವಾಗಿಯೂ ಗಡ್ಡ ಬೋಳಿಸಿದೆ. ಮುಗಿಯುತ್ತಿದ್ದ ಹಾಗೆ ಕೆನ್ನೆ ಸವರಿ ನೋಡಿಕೊಂಡು, ತೃಪ್ತಿಯಿಂದ ತಲೆಯಾಡಿಸಿ, ಬಟ್ಟೆ ಸಮೇತ ಎದ್ದು ನಡೆದೇಬಿಟ್ಟ. ಬಾಗಿಲ ಮೆಟ್ಟಿಲಿನ ಹತ್ತಿರ ಹಿಡಿದುಕೊಂಡೆ, ಇಲ್ಲದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕೆಲಸ ಮುಗಿದರೆ ಏಳುತ್ತಾನೆ. ಆದ್ದರಿಂದ ಮುಗಿಸಬಾರದು. ಗಡ್ಡ ಬೋಳಿಸುವುದನ್ನು ಬಿಟ್ಟಿದ್ದೇನೆ.

ಮೇ ೧೨, ಸೋಮವಾರ

ಬೆಳಿಗ್ಗೆ ಬಟ್ಟೆ ಹಾಕಿದರೆ ಊಟಕ್ಕೆ ತೆಗೆಯುತ್ತೇನೆ, ಮತ್ತೆ ಹಾಕಿದರೆ ಸಂಜೆಗೆ. ನಡುವೆ ಒಮ್ಮೊಮ್ಮೆ, "ಆಯ್ತಾ?" ಎಂದು ಕೇಳುತ್ತಾನೆ.

"ಇನ್ನೊಂಚೂರು" ಎನ್ನುತ್ತೇನೆ. ಸುಮ್ಮನಾಗುತ್ತಾನೆ. ತುಂಬಾ ಒಳ್ಳೆಯ ಗಿರಾಕಿ.

ಅಂಗಿಗಳ ರಾಶಿ ಏರುತ್ತಿದೆ. ಅಣ್ಣ ವಿಚಾರಿಸಲು ಬಂದವನು ಅಪ್ಪ ಶಾಂತವಾಗಿ ಕೂತಿದ್ದನ್ನು ನೋಡಿ ಬೆರಗಾದ. ಗಡ್ಡ ನೋಡಿ ಅಪ್ಪ ಸನ್ಯಾಸಿಯಾಗಿಬಿಟ್ಟಿದ್ದಾನೆ ಎಂದು ನಕ್ಕ. ಹೋಗುವಾಗ ಆಶ್ರಮದಿಂದ ಹೆಸರು ತೆಗೆಸುತ್ತೇನೆ ಎಂದ. ಗೆದ್ದೆ.

ಮೇ ೧೯, ಸೋಮವಾರ

ಊಟದ ಹೊತ್ತಿಗೆ ಬಟ್ಟೆ ತೆಗೆದು ಮತ್ತೆ ಕೂರಿಸುವುದು ದೊಡ್ಡ ರಗಳೆ. ಹಾಗೇ ತಿನ್ನಿಸುತ್ತೇನೆ. ಚೆಲ್ಲಿದರೂ ಬಟ್ಟೆಯ ಮೇಲೆ ಚೆಲ್ಲುತ್ತದೆ, ಅನುಕೂಲವೇ ಆಯಿತು.

ಮೇ ೨೩, ಶುಕ್ರವಾರ

ಕುರ್ಚಿ ಒದ್ದೆಯಾಗಿತ್ತು. ಮೊದಲು ಬಚ್ಚಲಿಗೆ ಹೋಗಬೇಕೆಂದರೆ ತಾನೇ ಏಳುತ್ತಿದ್ದ, ಈಗ ಏಳುವುದಿಲ್ಲ, ಹೇಳುವುದೂ ಇಲ್ಲ. ಕಾಯಿಲೆ ಮುಂದಕ್ಕೆ ಹೋದಂತೆ ಹೀಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಸೀಟಿಗೆ ರೆಕ್ಸಿನ್ ಹೊದಿಸಿದೆ.

ಮೇ ೨೮, ಬುಧವಾರ

ರೇಡಿಯೋ ಆಂಟಿ ಬಾಗಿಲಲ್ಲೇ ನಿಂತು ಅಪ್ಪನನ್ನು ನೋಡಿದಳು. ಇತ್ತೀಚೆಗೆ ಒಳಗೆ ಬರುವುದಿಲ್ಲ.

"ಬೆಳಗ್ಗೆ ನೋಡಿದ್ರೂ ಹಾಗೇ, ಸಂಜೆ ನೋಡಿದ್ರೂ ಹಾಗೇ. ಒಂಚೂರು ಎಬ್ಬಿಸಿ ಓಡಾಡಿಸಬಾರದೇನೇ?" ಎಂದಳು.

ಬಿದ್ದರೆ ಆಸ್ಪತ್ರೆಗೆ ಹೊರುವವರು ಯಾರು, ನೀವು ಬರುತ್ತೀರಾ ಎಂದು ಕೇಳಿದೆ. ಆಕೆ ತನ್ನ ಮನೆಯ ಕಡೆ ಹೊರಟಳು. ದಿನವಿಡೀ ಸುದ್ದಿ ಹೇಳಿಕೊಂಡು ತಿರುಗುವವರಿಗೆ ಏನು ಗೊತ್ತು. ನಾನು ಮಾಡಿದ್ದರಲ್ಲಿ ಕಾಲುಭಾಗವನ್ನು ಬೇರೆ ಯಾರಾದರೂ ಮಾಡಲಿ ನೋಡೋಣ.

ಜೂನ್ ೪, ಬುಧವಾರ

ಅಂಗಿಗಳೆಲ್ಲ ಹೋದವು, ಹೇಳಿದ ದಿನಕ್ಕೆ. ಮೆಚ್ಚಿಕೊಂಡು ಇನ್ನೊಂದು ಶಾಲೆಯ ಕೆಲಸವನ್ನೂ ಕೊಟ್ಟರು.

ಮಧ್ಯಾಹ್ನ ಅಪ್ಪನ ಕೆನ್ನೆಯ ಮೇಲೆ ನೊಣ ಕೂತಿತ್ತು. ತುಟಿಯವರೆಗೆ ಹರಿದಾಡಿತು. ಓಡಿಸಲಿಲ್ಲ. ಕೈ ಬಟ್ಟೆಯೊಳಗೇ ಇತ್ತು. ಕಣ್ಣು ಮಾತ್ರ ನೊಣದ ಜೊತೆ ಹೋಗುತ್ತಿತ್ತು. ಯಂತ್ರದ ಹತ್ತಿರದಿಂದಲೇ ನೋಡಿದೆ, ಹೊಸ ಕೆಲಸದ ಅಂಗಿಗೆ ತೋಳು ಕೂರಿಸುತ್ತಿದ್ದೆ, ಅರ್ಧಕ್ಕೆ ಬಿಡುವ ಹಾಗಿರಲಿಲ್ಲ. ಮುಗಿಸಿ ಎದ್ದು ಓಡಿಸಿದೆ.

ಜೂನ್ ೧೦, ಮಂಗಳವಾರ

ಬರೆಯುವಂಥದ್ದೇನೂ ಇಲ್ಲ. ಅಪ್ಪ ಕೂತಿದ್ದಾನೆ.

ಜೂನ್ ೧೭, ಮಂಗಳವಾರ

ಮನೆಗೇ ಬಂದು ವ್ಯಾಯಾಮ ಮಾಡಿಸುವ ಡಾಕ್ಟರಮ್ಮನನ್ನು ಅಣ್ಣ ಕಳಿಸಿದ್ದ. ಕುರ್ಚಿಯನ್ನು ಮೆಚ್ಚಿದರು. ಎತ್ತರ, ಬಣ್ಣ, ಕೈ ಎಲ್ಲ ಸರಿಯಾಗಿದೆ, ಇಷ್ಟು ಯೋಚಿಸಿ ಕುರ್ಚಿ ತರುವವರು ಕಡಿಮೆ ಎಂದರು. ನನಗೆ ಹೆಮ್ಮೆಯಾಯಿತು.

ಆಮೇಲೆ ಅಪ್ಪನನ್ನು ನಿಲ್ಲಿಸಲು ನೋಡಿದರು. ನಾವಿಬ್ಬರೂ ಕಂಕುಳಿಗೆ ಕೈ ಕೊಟ್ಟು ಎತ್ತಿದೆವು. ಕಾಲು ನೆಲದ ಮೇಲೆ ಸುಮ್ಮನೆ ಇತ್ತು, ಭಾರ ತೆಗೆದುಕೊಳ್ಳಲಿಲ್ಲ. ತೊಡೆ ಹಿಡಿದು ನೋಡಿದರು, ಅಲ್ಲಿ ಹಿಡಿಯಲು ಏನೂ ಉಳಿದಿರಲಿಲ್ಲ. ಕೂರುವ ಜಾಗದಲ್ಲಿ ಚರ್ಮ ಕೆಂಪಾಗಿ ಒಡೆದಿತ್ತು. ಕುತ್ತಿಗೆ ಯಾಕೆ ಹೀಗೆ ಮೇಲಕ್ಕೆ ಸೆಟೆದಿದೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

"ದಿನಕ್ಕೆ ಎಷ್ಟು ಹೊತ್ತು ಕೂತಿರ್ತಾರೆ?"

"ಆಗಾಗ ಎಬ್ಬಿಸ್ತೀನಿ" ಎಂದೆ.

ಅವರು ಬಟ್ಟೆಯ ಕಡೆ ನೋಡಿದರು. ಊಟ ಚೆಲ್ಲುತ್ತಾರೆ, ಅದಕ್ಕೆ ಎಂದೆ. ತಲೆಯಾಡಿಸಿದರು. ಇನ್ನು ನಡೆಯುವುದು ಕಷ್ಟ, ದಿನವೂ ಕಾಲು ಆಡಿಸುತ್ತಾ ಇರಿ ಎಂದು ಹೇಳಿ ಹೋದರು. ಬೀಳದ ಹಾಗೆ ಇಷ್ಟು ದಿನ ಕಾಪಾಡಿದ್ದಕ್ಕೆ ಒಂದು ಮಾತು ಹೇಳಬಹುದಿತ್ತು.

ಜೂನ್ ೨೯, ಭಾನುವಾರ

ಅಣ್ಣ ಬಂದಿದ್ದ. ಡಾಕ್ಟರಮ್ಮ ಹೇಳಿದ್ದು ಅವನಿಗೂ ಗೊತ್ತಾಗಿದೆ. ತುಂಬಾ ಹೊತ್ತು ಅಪ್ಪನ ಕಾಲ ಹತ್ತಿರ ನೆಲದ ಮೇಲೆ ಕೂತಿದ್ದ. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ನಾನು ತಪ್ಪು ತಿಳ್ಕೊಂಡಿದ್ದೆ ಕಣೇ. ಕಟ್ಟಿಹಾಕದೇನೇ ನೋಡ್ಕೊಂಡೆ ನೀನು" ಎಂದ.

ಹೌದು ಎಂದೆ. ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಯಾಕೆ ಅಳುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ, ಹೊಗಳಿದ್ದಕ್ಕೆ ಯಾರಾದರೂ ಅಳುತ್ತಾರೆಯೇ. ನಿದ್ದೆ ಸಾಲುತ್ತಿಲ್ಲ.

ಜುಲೈ ೨, ಬುಧವಾರ

ಎರಡೂ ಬಟ್ಟೆಗಳು ಒಗೆದದ್ದು ಒಣಗಿರಲಿಲ್ಲ. ಬಟ್ಟೆಯಿಲ್ಲದೆಯೇ ಕೂರಿಸಿದೆ. ಎಲ್ಲಿಗೆ ಎದ್ದು ಹೋಗುತ್ತಾನೆ ಈಗ? ಬಟ್ಟೆಯಿಲ್ಲದಿದ್ದರೂ ಗದ್ದ ಎತ್ತಿಕೊಂಡೇ ಇದ್ದ. ಕೈಗಳನ್ನು ತೊಡೆಯ ನಡುವೆ ಸೇರಿಸಿಕೊಂಡಿದ್ದ.

ಸ್ವಲ್ಪ ಹೊತ್ತಿಗೆ, "ಆಯ್ತಾ?" ಎಂದ.

ನನಗೆ ಏನಾಯಿತೋ. ಯಂತ್ರ ನಿಲ್ಲಿಸಿ ಅವನ ಮುಂದೆ ಹೋಗಿ ಮಂಡಿಯೂರಿ ಕೂತು, "ಆಯ್ತು ಅಪ್ಪ. ಮುಗೀತು. ಏಳು" ಎಂದೆ. ಇಷ್ಟು ದಿನದಲ್ಲಿ ಒಂದು ಸಲವೂ ನಾನು ಹಾಗೆ ಹೇಳಿರಲಿಲ್ಲ.

ಅಪ್ಪ ಮೆಲ್ಲಗೆ ಬಲಗೈ ಎತ್ತಿ ಕೆನ್ನೆ ಸವರಿಕೊಂಡ. ಗಡ್ಡ ಬೆರಳಿಗೆ ಸಿಕ್ಕಿತು. ಆ ಕೆನ್ನೆ ಬಿಟ್ಟು ಈ ಕೆನ್ನೆ ಮುಟ್ಟಿ ನೋಡಿದ, ಗದ್ದದ ಕೆಳಗೆ ನೋಡಿದ. ನನ್ನ ಮುಖವನ್ನು ಎಷ್ಟೋ ದಿನಗಳ ಮೇಲೆ ಸರಿಯಾಗಿ ನೋಡಿದ. ಸಿಟ್ಟಿರಲಿಲ್ಲ.

"ಇಷ್ಟೊತ್ತು ಕೂರಿಸ್ಕೊಂಡು ಏನೂ ಮಾಡೇ ಇಲ್ಲವಲ್ಲಮ್ಮ" ಎಂದ.

ಅವನು ಕುರ್ಚಿಯ ಎರಡೂ ಕೈ ಹಿಡಿದು ಏಳಲು ನೋಡಿದ. ಭುಜ ಮಾತ್ರ ಎದ್ದಿತು. ಮತ್ತೆ ನೋಡಿದ. ಕಾಲನ್ನು ನೋಡಿಕೊಂಡ, ಅದು ಯಾರದೋ ಎಂಬ ಹಾಗೆ. ಆಮೇಲೆ ಪ್ರಯತ್ನ ಬಿಟ್ಟು ನನ್ನ ಕಡೆ ನೋಡುತ್ತಾ ಕೂತ, ನಾನು ಏನಾದರೂ ಮಾಡುತ್ತೇನೆಂದು.

ಬೇರೇನು ಮಾಡಬೇಕಿತ್ತು ನಾನು? ಯಾರಾದರೂ ಹೇಳಲಿ. ಬಿದ್ದಿದ್ದರೆ ಸೊಂಟ ಮುರಿಯುತ್ತಿತ್ತು. ಆಶ್ರಮಕ್ಕೆ ಹೋಗಿದ್ದರೆ ಇಷ್ಟರಲ್ಲಿ ಅವನೇ ಇರುತ್ತಿರಲಿಲ್ಲ. ಅಪ್ಪ ಬಿದ್ದಿಲ್ಲ. ಮನೆಯಲ್ಲೇ ಇದ್ದಾನೆ.

ಹಿತ್ತಲಿಗೆ ಹೋಗಿ ನೋಡಿದೆ, ಒಂದು ಬಟ್ಟೆ ಹೆಚ್ಚುಕಡಿಮೆ ಒಣಗಿತ್ತು. ತಂದು ಅವನ ಮೈಮೇಲೆ ಹರಡಿದೆ. ಕುತ್ತಿಗೆಗೆ ಸುತ್ತಿ ಹಿಂದೆ ಗುಂಡಿ ಹಾಕಲು ಮುಂದೆ ಗಡ್ಡ ಅಡ್ಡ ಬರುತ್ತಿತ್ತು. ಅಪ್ಪ ತಾನೇ ಗದ್ದ ಎತ್ತಿ ಕೊಟ್ಟ.